ಫ್ಲಾರೆನ್ಸ್ ನೈಟಿಂಗೇಲಳೂ ಶುಶ್ರೂಷಕಿಯರ ಬಳಗವೂ

ಕಳೆದ ಬೇಸಗೆಯ ರಜೆಗೆ ತುಸು ಮುಂಚೆ ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದ ಕಡೆಯಿಂದ ಒಕ್ಕಲುತನದ ಹಿರಿಯರೊಬ್ಬರು ನಮ್ಮನ್ನು ಕಾಣಬಂದರು. ಅವರ ಮಗಳು ನಮ್ಮ ಶಾಲೆಯಲ್ಲಿಯೇ ಓದಿ, ತರುವಾಯ ಪಿ.ಯು.ಸಿ. ಮುಗಿಸಿದವಳು, ಶುಶ್ರೂಷಾ ಶಿಕ್ಷಣಕ್ಕೆ ಹೋಗುವೆನೆಂದು ಹಟ ಹಿಡಿದಿದ್ದಳು. ಆ ಕೆಲಸದಲ್ಲಿ ಮಾನವುಂಟೋ ಇಲ್ಲವೋ ಎಂಬುದು ತಂದೆಯ ಮೊದಲನೆಯ ಸಂದೇಹ. ಎರಡನೆಯದು ಇನ್ನೂ ಆಳವಾದುದು. ಶುಶ್ರೂಷಕಿಯಾದವಳು ಜೀವಮಾನವೆಲ್ಲ ಇನ್ನೊಬ್ಬರ ಅಪ್ಪಣೆಗೆ ಕಾದು ನಿಲ್ಲಬೇಕಾದವಳಲ್ಲವೆ, ತಾನೇ ನಾಲ್ವರ ಮುಂದೆ ನಿಂತು ನಡೆಸುವ ಕಾಲ ಆಕೆಗೆ ಎಂದಾದರೂ ಬಂದೀತೆ, ಎಂಬುದು ಅವರ ಪ್ರಶ್ನೆಯಾಗಿದ್ದಿತು. ಅಂದು ಶಾಲೆಯ ಗಂಟೆ ಬಾರಿಸಿದ್ದರಿಂದ ನಾವು ಎರಡು ಮಾತಿನಲ್ಲಿ ಉತ್ತರ ಹೇಳಿ ಅವರನ್ನು ಕಳುಹಿಸಿಕೊಟ್ಟೆವು. ಆ ಉತ್ತರವು ನಮ್ಮ ಮನಸ್ಸಿಗೇ ತೃಪ್ತಿಯನ್ನು ಕೊಡಲಿಲ್ಲ. ಆದಕಾರಣ ಈ ಸ್ಮರಣ ಸಂಚಿಕೆಯಲ್ಲಿ ಒಬ್ಬ ಮಹಿಳೆಯ ಚರಿತ್ರೆಯನ್ನು ಹೇಳಿ, ಅದರ ಮೂಲಕ ಆ ತಂದೆಗೂ ಅವರಂತಹ ಇತರರಿಗೂ ಪೂರ್ಣವಾದ ಉತ್ತರವನ್ನು ಕೊಡಬೇಕೆಂದಿದ್ದೇವೆ.

ಫ್ಲಾರೆನ್ಸ್ ನೈಟಿಂಗೇಲಳ ಹೆಸರನ್ನು ಕೇಳದ ವಿದ್ಯಾರ್ಥಿನಿಯು ನಮ್ಮಲ್ಲಿ ಇರಲಾರಳು. ದೀಪವನ್ನು ಕೈಯಲ್ಲಿ ಹಿಡಿದು ರಾತ್ರಿಯಲ್ಲಿ ರೋಗಿಗಳ ಸಾಲುಗಳ ನಡುವೆ ನಡೆಯುವ ಆಕೆಯ ಚಿತ್ರವು ಪಾಠಪುಸ್ತಕಗಳಲ್ಲಿ ಪ್ರಸಿದ್ಧವಾಗಿದೆ. ಆದರೆ ದೀಪ ಹಿಡಿದು ನಡೆದ ಕಾಲವು ಆಕೆಯ ತೊಂಬತ್ತು ವರ್ಷಗಳ ಆಯುಸ್ಸಿನಲ್ಲಿ ಎರಡು ವರ್ಷಗಳಿಗೂ ಕಡಿಮೆ. ಮಿಕ್ಕ ಕಾಲದಲ್ಲಿ ಆಕೆ ಮಾಡಿದ್ದೇನು ಎಂಬುದನ್ನು ಬಲ್ಲವರು ವಿರಳ. ಆ ಭಾಗವನ್ನೇ ನಾವು ಇಲ್ಲಿ ವಿಶೇಷವಾಗಿ ಹೇಳುವೆವು.

ಆಕೆಯು 1820ನೆಯ ಇಸವಿ ಮೇ ತಿಂಗಳ 12ನೆಯ ತಾರೀಖು ಇಟಲಿ ದೇಶದ ಫ್ಲಾರೆನ್ಸ್ ಪಟ್ಟಣದಲ್ಲಿ ಜನಿಸಿದಳು. ಆ ಪಟ್ಟಣದ ಹೆಸರನ್ನೇ ಮಗುವಿಗೆ ಇಟ್ಟರು. ತಂದೆ ತಾಯಿಗಳು ಇಂಗ್ಲೆಂಡಿನ ಸಿರಿವಂತರು. ಅವರಿಗೆ ಎರಡು ಪ್ರಾಂತಗಳಲ್ಲಿ ದೊಡ್ಡ ಮನೆಗಳಿದ್ದವು. ತಂದೆ ವಿಲಿಯಮ್ ನೈಟಿಂಗೇಲರು ತಮ್ಮ ಇಬ್ಬರು ಹೆಣ್ಣುಮಕ್ಕಳಿಗೂ ತಾವೇ ಗುರುಗಳಾಗಿ ಗ್ರೀಕ್, ಲ್ಯಾಟಿನ್, ಚರಿತ್ರೆ ಮುಂತಾದವುಗಳನ್ನು ಕಲಿಸಿದರು. ಕಿರಿಯಳಿಗೆ ಗಣಿತದಲ್ಲಿ ಬಲು ಆಸಕ್ತಿ. 1837ರ ಫೆಬ್ರವರಿಯಲ್ಲಿ, ಹದಿನಾರು ವರ್ಷದವಳಾಗಿದ್ದಾಗ, ದೇವರು ತನ್ನನ್ನು ತನ್ನ ಸೇವೆಗೆ ಕರೆದನೆಂಬ ನಿಶ್ಚಯವು ಆಕೆಯ ಮನಸ್ಸಿನಲ್ಲಿ ಹುಟ್ಟಿತು. ಆ ಸೇವೆ ಯಾವುದೆಂಬುದು ಮಾತ್ರ ಅನೇಕ ವರ್ಷಗಳವರೆಗೆ ಸ್ಪಷ್ಟವಾಗಲಿಲ್ಲ.

1845ರಲ್ಲಿ ಆಕೆಯು ಸಮೀಪದ ಊರಿನ ಆಸ್ಪತ್ರೆಯಲ್ಲಿ ಶುಶ್ರೂಷೆಯನ್ನು ಕಲಿಯುವೆನೆಂದು ಮನೆಯವರ ಅನುಮತಿಯನ್ನು ಬೇಡಿದಳು. ಮನೆಯಲ್ಲಿ ದೊಡ್ಡ ಗದ್ದಲವೇ ಆಯಿತು. ಆ ಕಾಲದಲ್ಲಿ ಆಸ್ಪತ್ರೆಯ ಆಯಾಗಳೆಂದರೆ ಓದುಬರಹವಿಲ್ಲದ, ಬೇರೆ ಕೆಲಸ ದೊರೆಯದ, ಕೆಲವೊಮ್ಮೆ ಕುಡಿತಕ್ಕೆ ಬಿದ್ದ ಹೆಂಗಸರು ಎಂಬ ಭಾವನೆ ಎಲ್ಲೆಲ್ಲಿಯೂ ಇದ್ದಿತು. ಸಭ್ಯ ಮನೆತನದ ಹುಡುಗಿಯು ಅಲ್ಲಿಗೆ ಕಾಲಿಡುವುದು ಕುಲಕ್ಕೆ ಕಳಂಕವೆಂದು ತಾಯಿಯು ಕಣ್ಣೀರು ಹಾಕಿದಳು. ಕಿಣ್ಣಿ ಸುಲ್ತಾನದ ತಂದೆಯ ಸಂದೇಹವು ಹೊಸದಲ್ಲವೆಂಬುದನ್ನು ವಾಚಕರು ಇಲ್ಲಿ ಗಮನಿಸಬೇಕು. ಫ್ಲಾರೆನ್ಸಳು ಇನ್ನೂ ಆರು ವರ್ಷ ತಾಳಿಕೊಂಡಳು. ಆ ಅವಧಿಯಲ್ಲಿ ಆಸ್ಪತ್ರೆಗಳನ್ನು ಕುರಿತ ವರದಿಗಳನ್ನು ಓದಿ ಟಿಪ್ಪಣಿಗಳನ್ನು ಬರೆದಿಟ್ಟಳು. ಕೊನೆಗೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ತ್ ಎಂಬ ಊರಿಗೆ ಹೋಗಿ, ಪಾದ್ರಿ ಥಿಯೊಡೋರ್ ಫ್ಲೀಡ್ನರರು 1836ರಲ್ಲಿ ಸ್ಥಾಪಿಸಿದ್ದ ಸೇವಕಿಯರ ಸಂಸ್ಥೆಯಲ್ಲಿ ಸುಮಾರು ಮೂರು ತಿಂಗಳು ಕಲಿತಳು. 1853ರಲ್ಲಿ ಲಂಡನ್ನಿನ ಒಂದು ಚಿಕ್ಕ ಆಸ್ಪತ್ರೆಗೆ ಮೇಲ್ವಿಚಾರಕಳಾದಳು.

ಮರುವರ್ಷವೇ ಕ್ರೈಮಿಯಾ ಯುದ್ಧವು ಬಂದಿತು. ತುರ್ಕಸ್ಥಾನದ ಸ್ಕುಟಾರಿಯಲ್ಲಿದ್ದ ಇಂಗ್ಲಿಷ್ ದಂಡಿನ ಆಸ್ಪತ್ರೆಯಲ್ಲಿ ಗಾಯಾಳುಗಳು ಆರೈಕೆಯಿಲ್ಲದೆ ಸಾಯುತ್ತಿದ್ದಾರೆಂಬ ವಾರ್ತೆಯು ಲಂಡನ್ನಿನ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಮಂತ್ರಿಯಾಗಿದ್ದ ಸಿಡ್ನಿ ಹರ್ಬರ್ಟರ ಕೋರಿಕೆಯಂತೆ ಆಕೆಯು 1854ರ ಅಕ್ಟೋಬರ್ 21ರಂದು 38 ಜನ ಶುಶ್ರೂಷಕಿಯರೊಡನೆ ಹೊರಟು, ನವೆಂಬರಿನ ಮೊದಲ ವಾರದಲ್ಲಿ ಸ್ಕುಟಾರಿಯನ್ನು ಮುಟ್ಟಿದಳು. ಹಾಸಿಗೆ, ಅಂಗಿ, ಸಾಬೂನು, ಊಟ ಇವುಗಳನ್ನು ಒದಗಿಸುವುದೇ ಮೊದಲನೆಯ ಕೆಲಸವಾಯಿತು. ಅಗಸರ ಮನೆಯನ್ನೂ ಅಡಿಗೆಯ ಮನೆಯನ್ನೂ ವ್ಯವಸ್ಥೆಗೊಳಿಸಿದಳು. ರಾತ್ರಿಯಲ್ಲಿ ದೀಪ ಹಿಡಿದು ಮೈಲುಗಟ್ಟಲೆ ಉದ್ದದ ಹಾಸಿಗೆಗಳ ಸಾಲನ್ನು ನೋಡಿಬರುತ್ತಿದ್ದಳು.

ಆದರೂ ಸಾವು ನಿಲ್ಲಲಿಲ್ಲ. 1855ರ ಫೆಬ್ರವರಿಯಲ್ಲಿ ಆಸ್ಪತ್ರೆಯ ಸಾವಿನ ಪ್ರಮಾಣವು ನೂರಕ್ಕೆ 42ರಷ್ಟು ಇದ್ದಿತು. ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನಿಂದ ನೈರ್ಮಲ್ಯದ ಅಧಿಕಾರಿಗಳು ಬಂದು, ಕಟ್ಟಡದ ಕೆಳಗೆ ಕೊಳೆತು ನಿಂತಿದ್ದ ಚರಂಡಿಗಳನ್ನು ತೊಳೆಯಿಸಿ, ನೀರಿನ ಮಾರ್ಗವನ್ನು ಶುದ್ಧಗೊಳಿಸಿ, ಗಾಳಿಯಾಡುವಂತೆ ಮಾಡಿದರು. ಜೂನ್ ತಿಂಗಳ ಹೊತ್ತಿಗೆ ಸಾವು ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು. ಯುದ್ಧ ಮುಗಿದು 1856ರಲ್ಲಿ ಊರಿಗೆ ಮರಳಿದ ಮೇಲೆ ಆಕೆಯು ವಿಲಿಯಮ್ ಫಾರ್ ಎಂಬ ಅಂಕಿ ಅಂಶಗಳ ಪಂಡಿತರೊಡನೆ ಕುಳಿತು ಲೆಕ್ಕಗಳನ್ನು ಪರೀಕ್ಷಿಸಿದಾಗ ಒಂದು ಕಠೋರ ಸತ್ಯವು ಗೋಚರಿಸಿತು. ತಾನು ಹಗಲಿರುಳು ದುಡಿದ ಆಸ್ಪತ್ರೆಯಲ್ಲಿಯೇ ಗಾಯಗಳಿಗಿಂತ ಕೊಳೆಯಿಂದ ಸತ್ತವರು ಬಹಳ ಹೆಚ್ಚು. ಮೊದಲ ಚಳಿಗಾಲದಲ್ಲಿ ತನ್ನ ಆರೈಕೆಯು ಅವರನ್ನು ಉಳಿಸಲಿಲ್ಲ. ಆಗ ಆಕೆಯ ಕೀರ್ತಿಯು ದೇಶದೇಶಗಳಲ್ಲಿ ಹಬ್ಬಿದ್ದಿತು. ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಆಕೆಯು ಅಂಕಿಗಳನ್ನು ಬಣ್ಣದ ಚಿತ್ರಗಳಾಗಿ ಬರೆದು ಸರಕಾರದ ಮುಂದೆ ಇಟ್ಟಳು. 1858ರಲ್ಲಿ ಲಂಡನ್ನಿನ ಅಂಕಿಅಂಶ ಶಾಸ್ತ್ರದ ಸಂಘವು ಆಕೆಯನ್ನು ತನ್ನ ಸದಸ್ಯಳನ್ನಾಗಿ ಆರಿಸಿತು. ಆ ಗೌರವವನ್ನು ಪಡೆದ ಮೊದಲನೆಯ ಸ್ತ್ರೀಯು ಆಕೆಯೇ. ತನ್ನ ಕೆಲಸದ ಫಲವನ್ನು ತಾನೇ ಅಳೆದು, ತಪ್ಪು ಕಂಡಲ್ಲಿ ಒಪ್ಪಿಕೊಳ್ಳುವ ಧೈರ್ಯವಿಲ್ಲದೆ ಯಾರೂ ಇತರರನ್ನು ನಡೆಸಲಾರರು.

ಯುದ್ಧಕಾಲದ ಜ್ವರವು ಆಕೆಯ ದೇಹವನ್ನು ಮುರಿದಿದ್ದಿತು. 1857ರಿಂದ ಮುಂದೆ ಬಹುಕಾಲ ಹಾಸಿಗೆಯ ಮೇಲೆಯೇ ಇದ್ದು ಕಾಗದಪತ್ರಗಳ ಮೂಲಕವೇ ಕೆಲಸ ನಡೆಸಿದಳು. ಆಕೆಯು ಹಿಂದೂದೇಶಕ್ಕೆ ಎಂದೂ ಬಂದವಳಲ್ಲ. ಆದರೂ ಇಲ್ಲಿಯ ದಂಡುಗಳ ಆರೋಗ್ಯವನ್ನು ಪರಿಶೀಲಿಸಲು ನೇಮಕವಾದ ಆಯೋಗಕ್ಕಾಗಿ ಪ್ರಶ್ನಾವಳಿಯನ್ನು ಸಿದ್ಧಪಡಿಸಿ ದಂಡಿನ ಠಾಣ್ಯಗಳಿಗೆ ಕಳುಹಿಸಿ, ಬಂದ ಉತ್ತರಗಳನ್ನೆಲ್ಲ ಓದಿದಳು. 1863ರಲ್ಲಿ ಹೊರಬಂದ ಆ ವರದಿಯು ಎರಡು ದೊಡ್ಡ ಸಂಪುಟಗಳಷ್ಟಾಯಿತು. ನಮ್ಮ ಬೆಂಗಳೂರಿನ ದಂಡಿನಲ್ಲಿ, ಬಜಾರಿನ ಕೊಳಚೆಯು ಹರಿದು ಸೇರುವ ಹಲಸೂರು ಕೆರೆಯ ನೀರನ್ನೇ ಕುಡಿಯುತ್ತಿದ್ದರೆಂಬುದನ್ನು ಆಕೆಯು ಎತ್ತಿ ತೋರಿಸಿದಳು. ಅಂದು ನಮ್ಮ ಕಲಬುರಗಿ ಸೀಮೆಯು ಸೇರಿದ್ದ ನಿಜಾಮರ ರಾಜ್ಯದ ಸಿಕಂದರಾಬಾದು ದಂಡಿನ ದುಃಸ್ಥಿತಿಯೂ ಆ ವಿಚಾರಣೆಗೆ ಒಳಪಟ್ಟಿತು. ಆಗ ಈ ದೇಶದಲ್ಲಿದ್ದ ಇಂಗ್ಲಿಷ್ ಸಿಪಾಯಿಗಳಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಜನರು ಸಾಯುತ್ತಿದ್ದರು. ಸುಮಾರು ಹತ್ತು ವರ್ಷಗಳಲ್ಲಿ ಅದು ಸಾವಿರಕ್ಕೆ 18ಕ್ಕೆ ಇಳಿಯಿತು. ಮುಂದೆ ಆಕೆಯು ಸಿಪಾಯಿಗಳನ್ನು ದಾಟಿ ಈ ದೇಶದ ಹಳ್ಳಿಗಳ ನೀರು, ಚರಂಡಿ, ಬರಗಾಲ ಇವುಗಳ ವಿಚಾರಕ್ಕೆ ಕೈಹಾಕಿ, ಪುಣೆಯ ಸಾರ್ವಜನಿಕ ಸಭೆಯವರೊಡನೆಯೂ ಪತ್ರವ್ಯವಹಾರ ನಡೆಸಿದಳು.

ಇನ್ನು ನಮ್ಮ ಮುಖ್ಯ ವಿಷಯಕ್ಕೆ ಬರುವೆವು. ಯುದ್ಧಕಾಲದ ಸೇವೆಗೆ ಕೃತಜ್ಞರಾದ ಜನರು ಕೂಡಿಸಿದ 44,000 ಪೌಂಡಿಗೂ ಮಿಕ್ಕ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುಶ್ರೂಷಕಿಯರ ಶಿಕ್ಷಣಶಾಲೆಯು ತೆರೆಯಿತು. ಮೊದಲ ತಂಡದಲ್ಲಿ 15 ಜನರಿದ್ದರು; ಶಿಕ್ಷಣವು ಒಂದು ವರ್ಷದ್ದು. ಆಸ್ಪತ್ರೆಯ ಮೇಟ್ರನ್ ಆಗಿದ್ದ ಸಾರಾ ವಾರ್ಡ್ರೋಪರ್ ಎಂಬಾಕೆಯೇ ಶಾಲೆಯ ಮುಖ್ಯಸ್ಥಳು. ಪ್ರತಿಯೊಬ್ಬಳಿಗೂ ತಿಂಗಳಿಗೊಂದು ಪಟ್ಟಿ ಇರುತ್ತಿದ್ದಿತು. ಅದರಲ್ಲಿ ಗಾಯ ಕಟ್ಟುವ ಕೌಶಲ್ಯವನ್ನು ಮಾತ್ರವಲ್ಲದೆ ಕಾಲನಿಷ್ಠೆ, ಮೌನ, ನಂಬಿಕೆಗೆ ಪಾತ್ರಳಾಗುವ ಗುಣ, ಶುಚಿತ್ವ ಇವುಗಳನ್ನೂ ಗುರುತಿಸುತ್ತಿದ್ದರು. ವಾರ್ಡಿನಲ್ಲಿ ದುಡಿಯುವವರನ್ನು ಮಾತ್ರವಲ್ಲದೆ, ಬೇರೆ ಊರುಗಳಿಗೆ ಹೋಗಿ ಇತರರಿಗೆ ಕಲಿಸಬಲ್ಲವರನ್ನೂ ಸಿದ್ಧಪಡಿಸುವುದು ಆ ಶಾಲೆಯ ಉದ್ದೇಶ. ಒಂದು ದೀಪದಿಂದ ಇನ್ನೊಂದು ದೀಪ ಹೊತ್ತುವಂತೆ ಒಬ್ಬ ಶುಶ್ರೂಷಕಿಯಿಂದ ಇನ್ನೊಬ್ಬಳು ತಯಾರಾಗಬೇಕೆಂಬುದು ಆಕೆಯ ಯೋಜನೆಯಾಗಿದ್ದಿತು.

ಹಾಗೆಯೇ ನಡೆಯಿತು. 1865ರಲ್ಲಿ ಆಗ್ನೆಸ್ ಜೋನ್ಸ್ ಎಂಬ ಯುವತಿಯು ಲಿವರ್ಪೂಲಿನ ಬಡವರ ಆಸ್ಪತ್ರೆಗೆ ಹನ್ನೆರಡು ಮಂದಿ ಶುಶ್ರೂಷಕಿಯರೊಡನೆ ಹೋಗಿ ಅಲ್ಲಿಯ ನರಕಸದೃಶ ಸ್ಥಿತಿಯನ್ನು ಸುಧಾರಿಸಿ, 1868ರಲ್ಲಿ ಟೈಫಸ್ ಜ್ವರದಿಂದ ತೀರಿಕೊಂಡಳು. ಅದೇ ವರ್ಷ ಲೂಸಿ ಆಸ್ಬರ್ನ್ ಎಂಬಾಕೆಯು ಐವರು ಸಂಗಡಿಗರೊಡನೆ ಆಸ್ಟ್ರೇಲಿಯದ ಸಿಡ್ನಿಯನ್ನು ಮುಟ್ಟಿದಳು. 1872ರಲ್ಲಿ ಆಂಜೆಲಿಕ್ ಪ್ರಿಂಗಲ್ ಎಂಬಾಕೆಯು ಎಡಿನ್‌ಬರೋ ಆಸ್ಪತ್ರೆಗೆ ತೆರಳಿ, ತರುವಾಯ ಅಲ್ಲಿಯ ಮೇಲ್ವಿಚಾರಕಳಾದಳು. 1877ರಲ್ಲಿ ಅಮೇರಿಕದ ಲಿಂಡಾ ರಿಚರ್ಡ್ಸ್ ಎಂಬ ಶುಶ್ರೂಷಕಿಯು ಇಂಗ್ಲೆಂಡಿಗೆ ಬಂದು ಈ ಪದ್ಧತಿಯನ್ನು ಕಂಡು ಕಲಿತು ಹಿಂದಿರುಗಿದಳು. ನಮ್ಮ ದೇಶದಲ್ಲಿಯೂ 1871ರಲ್ಲಿ ಮದ್ರಾಸಿನ ಸರಕಾರಿ ಜನರಲ್ ಆಸ್ಪತ್ರೆಯಲ್ಲಿ ಶುಶ್ರೂಷಾ ಶಿಕ್ಷಣವು ಆರಂಭವಾಯಿತು.

ಈ ಕಾರ್ಯವು ಎಡರಿಲ್ಲದೆ ಸಾಗಿತೆಂದು ಯಾರೂ ಭಾವಿಸಬಾರದು. ಆಕೆಯು ಆಯೋಗಗಳ ಕೆಲಸದಲ್ಲಿ ಮುಳುಗಿದ್ದ ಹತ್ತು ವರ್ಷಗಳಲ್ಲಿ ಶಾಲೆಯ ಪಾಠಗಳು ಸಡಿಲವಾಗಿದ್ದವು. ಪಟ್ಟಿಗಳನ್ನು ಹೆಸರಿಗೆ ಮಾತ್ರ ತುಂಬುತ್ತಿದ್ದರು. 1872ರ ಸುಮಾರಿಗೆ ಇದನ್ನು ಅರಿತಾಗ ಆಕೆಗೆ ಬಹಳ ವ್ಯಥೆಯಾಯಿತು. ಅಂದಿನಿಂದ ಪಾಠಕ್ರಮವನ್ನು ತಿದ್ದಿಸಿ, ವಿದ್ಯಾರ್ಥಿನಿಯರ ವಸತಿಯ ಮೇಲ್ವಿಚಾರಣೆಗೆ ಪ್ರತ್ಯೇಕವಾಗಿ ಒಬ್ಬ ಸಿಸ್ಟರನ್ನು ನೇಮಿಸುವಂತೆ ಮಾಡಿ, ಕಲಿಯುವವರನ್ನು ಒಬ್ಬೊಬ್ಬರಾಗಿ ತನ್ನ ಮನೆಗೆ ಕರೆಸಿ ಮಾತನಾಡಿಸತೊಡಗಿದಳು. ಶಿಕ್ಷಣ ಮುಗಿಸಿ ದೂರದ ಊರಿಗೆ ಹೊರಟವರಿಗೆ ಪತ್ರಗಳನ್ನು ಬರೆದಳು. ಕೆಲವರಿಗೆ ಹಣ್ಣು, ಹೂವು, ತಿನಿಸುಗಳನ್ನೂ ಕಳುಹಿಸಿದಳು. 1872ರಿಂದ 1900ರವರೆಗೆ ಆಗಾಗ ಶಾಲೆಯ ಶುಶ್ರೂಷಕಿಯರೆಲ್ಲರನ್ನೂ ಉದ್ದೇಶಿಸಿ ಒಂದು ಬಹಿರಂಗಪತ್ರವನ್ನು ಬರೆಯುತ್ತಿದ್ದಳು. ದೂರದಲ್ಲಿ ಒಬ್ಬಂಟಿಯಾಗಿ, ವೈದ್ಯರ ಅನಾದರ, ಅಧಿಕಾರಿಗಳ ಜಿಪುಣತನ ಇವುಗಳೊಡನೆ ಹೋರಾಡುತ್ತಿದ್ದವಳಿಗೆ ತಾನು ಒಂದು ಬಳಗಕ್ಕೆ ಸೇರಿದವಳೆಂಬ ಧೈರ್ಯವನ್ನು ಆ ಪತ್ರಗಳು ಕೊಟ್ಟವು. ಆ ಬಳಗಕ್ಕೆ ಹೆಸರಿರಲಿಲ್ಲ, ಸದಸ್ಯತ್ವದ ಚೀಟಿಯೂ ಇರಲಿಲ್ಲ. ಆದರೆ ಬಳಗವು ನಿಜವಾಗಿಯೂ ಇದ್ದಿತು.

ಆಕೆಯ ಕುಂದನ್ನೂ ಮರೆಮಾಡಬಾರದು. ತನ್ನ ಅಭಿಪ್ರಾಯದಂತೆ ನಡೆಯದವರ ವಿಷಯದಲ್ಲಿ ಆಕೆ ಕಠಿಣಳಾಗಿದ್ದಳು. ಸಿಡ್ನಿಗೆ ಹೋದ ಲೂಸಿ ಆಸ್ಬರ್ನಳ ಮೇಲೆ ವಿಶ್ವಾಸವನ್ನು ಕಳೆದುಕೊಂಡಳು. ಆದರೂ ಲೂಸಿಯು 1884ರವರೆಗೆ ಅಲ್ಲಿಯೇ ನಿಂತು, ಆ ಖಂಡದಲ್ಲಿ ಶುಶ್ರೂಷಾ ವೃತ್ತಿಗೆ ತಳಹದಿಯನ್ನು ಹಾಕಿದಳು. ಗುರುವು ಕೈಬಿಟ್ಟಾಗಲೂ ತನ್ನ ಸಂಗಡಿಗರನ್ನು ಕೈಬಿಡದೆ ನಿಂತ ಆಕೆಯನ್ನು ನಾವು ಚಿಕ್ಕವಳೆಂದು ಎಣಿಸಲಾರೆವು.

ಇದಕ್ಕಿಂತ ದೊಡ್ಡ ವಿವಾದವು 1887ರಲ್ಲಿ ಎದ್ದಿತು. ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದ ಎಥೆಲ್ ಬೆಡ್‌ಫರ್ಡ್ ಫೆನ್ವಿಕ್ ಎಂಬಾಕೆಯು ಬ್ರಿಟಿಷ್ ಶುಶ್ರೂಷಕಿಯರ ಸಂಘವನ್ನು ಸ್ಥಾಪಿಸಿದಳು. ವೈದ್ಯರಿಗಿರುವಂತೆ ಶುಶ್ರೂಷಕಿಯರಿಗೂ ಒಂದು ದಾಖಲೆಯ ಪುಸ್ತಕವಿರಬೇಕು, ಪರೀಕ್ಷೆಯಲ್ಲಿ ತೇರ್ಗಡೆಯಾದವರ ಹೆಸರನ್ನು ಮಾತ್ರ ಅದರಲ್ಲಿ ಬರೆಯಬೇಕು, ವೃತ್ತಿಯನ್ನು ಶುಶ್ರೂಷಕಿಯರು ತಾವೇ ಆಳಿಕೊಳ್ಳಬೇಕು ಎಂಬುದು ಆಕೆಯ ವಾದ. ನೈಟಿಂಗೇಲಳು ಇದನ್ನು ಬಲವಾಗಿ ವಿರೋಧಿಸಿದಳು. ದಯೆ, ಎಚ್ಚರ, ಸತ್ಯಸಂಧತೆ ಇವುಗಳನ್ನು ಪರೀಕ್ಷೆಯಲ್ಲಿ ಅಳೆಯಲಾಗದು. ಒಮ್ಮೆ ಹೆಸರು ದಾಖಲಾದ ಮೇಲೆ ಗುಣ ಕೆಟ್ಟರೂ ಹೆಸರು ಉಳಿಯುವುದು ಎಂಬುದು ಆಕೆಯ ಭಯ. ಇಬ್ಬರೂ ಹಟವಾದಿಗಳು, ಇಬ್ಬರೂ ವೃತ್ತಿಯ ಗೌರವಕ್ಕಾಗಿಯೇ ಹೋರಾಡಿದವರು. ಕಾಲವು ಫೆನ್ವಿಕ್ಕಳ ಕಡೆಗೆ ತೀರ್ಪನ್ನು ಕೊಟ್ಟಿತು. ಇಂಗ್ಲೆಂಡಿನಲ್ಲಿ 1919ರಲ್ಲಿ ನೋಂದಣಿಯ ಕಾನೂನು ಬಂದಿತು. ನಮ್ಮಲ್ಲಿ ಮದ್ರಾಸ್ ಪ್ರಾಂತವು 1926ರಲ್ಲಿ ಇಂತಹ ಕಾನೂನನ್ನು ಮಾಡಿತು. 1947ರಲ್ಲಿ ಇಡೀ ದೇಶಕ್ಕೆ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾನೂನಾಯಿತು. ಆದರೂ ನೈಟಿಂಗೇಲಳ ಭಯವು ಸುಳ್ಳೆಂದು ನಾವು ಹೇಳಲಾರೆವು. ಶಿಕ್ಷಕಿಯರಾದ ನಾವು ಪರೀಕ್ಷೆಯ ಅಂಕಗಳನ್ನು ದಿನಂಪ್ರತಿ ಬರೆಯುವವರು. ಅಂಕದ ಪಟ್ಟಿಯಲ್ಲಿ ಕಾಣದ ಗುಣವೇ ಮುಂದೆ ಮನುಷ್ಯನನ್ನು ಎತ್ತಿಹಿಡಿಯುವುದೆಂಬುದನ್ನು ಬಲ್ಲೆವು.

ಪ್ರಮಾಣಪತ್ರವು ಅರ್ಹತೆಯನ್ನು ಹೇಳಬಲ್ಲದು. ಗುಣವನ್ನು ಕಾಯುವವರು ಯಾರು? ಸಮಾನ ವೃತ್ತಿಯವರ ಸಂಘವೇ ಅದನ್ನು ಕಾಯಬೇಕು. ಈ ತಿಳಿವು ಕ್ರಮೇಣ ಎಲ್ಲ ದೇಶಗಳಲ್ಲಿಯೂ ಮೂಡಿತು. 1893ರಲ್ಲಿ ಅಮೇರಿಕದ ಚಿಕಾಗೋ ಪ್ರದರ್ಶನದ ಸಮಯದಲ್ಲಿ ಶುಶ್ರೂಷಕಿಯರು ಸಭೆ ಕೂಡಿದಾಗ ನೈಟಿಂಗೇಲಳು ಬರೆದು ಕಳುಹಿಸಿದ ಲೇಖನವನ್ನು ಅಲ್ಲಿ ಓದಿದರು. ಅಲ್ಲಿಯೇ ಇಸಬೆಲ್ ಹ್ಯಾಂಪ್ಟನ್ ಮೊದಲಾದವರು ಶುಶ್ರೂಷಾ ಶಾಲೆಗಳ ಮೇಲ್ವಿಚಾರಕಿಯರ ಸಂಘಕ್ಕೆ ಅಂಕುರಾರ್ಪಣ ಮಾಡಿದರು. 1899ರಲ್ಲಿ ಫೆನ್ವಿಕ್ಕಳ ನೇತೃತ್ವದಲ್ಲಿ ಶುಶ್ರೂಷಕಿಯರ ಅಂತರರಾಷ್ಟ್ರೀಯ ಪರಿಷತ್ತು ಹುಟ್ಟಿತು. ಹಿಂದೂದೇಶದಲ್ಲಿ 1905ರಲ್ಲಿ ಲಖನೌ ಪಟ್ಟಣದಲ್ಲಿ ಶುಶ್ರೂಷಾ ಮೇಲ್ವಿಚಾರಕಿಯರ ಸಂಘವೂ, 1908ರಲ್ಲಿ ತರಬೇತಾದ ಶುಶ್ರೂಷಕಿಯರ ಸಂಘವೂ ಸ್ಥಾಪಿತವಾದವು; 1910ರಿಂದ ಅವರದೇ ಮಾಸಪತ್ರಿಕೆಯೂ ಹೊರಟಿತು. ಮೊದಲಿಗೆ ಅವುಗಳಲ್ಲಿ ಯುರೋಪಿಯನ್ ಮಹಿಳೆಯರೇ ಮುಂದಾಳುಗಳಾಗಿದ್ದರು. ಕಾಲಕ್ರಮದಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳೇ ಆ ಸ್ಥಾನಗಳಿಗೆ ಏರಿದರು. ಆ ಎರಡು ಸಂಘಗಳು 1922ರಲ್ಲಿ ಒಂದಾದವು. 1929ರಲ್ಲಿ ಕಲಿಯುತ್ತಿರುವವರಿಗಾಗಿಯೇ ವಿದ್ಯಾರ್ಥಿ ಶುಶ್ರೂಷಕಿಯರ ಸಂಘವು ಏರ್ಪಟ್ಟಿತು.

ಅದೇ 1922ರಲ್ಲಿ ಅಮೇರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯದ ಶುಶ್ರೂಷಾ ಶಾಲೆಯ ಆರು ಜನ ವಿದ್ಯಾರ್ಥಿನಿಯರು ಒಂದು ಹೊಸ ಬಗೆಯ ಸಂಘವನ್ನು ಕಟ್ಟಿದರು. ಪ್ರೀತಿ, ಧೈರ್ಯ, ಗೌರವ ಎಂಬ ಅರ್ಥದ ಮೂರು ಗ್ರೀಕ್ ಪದಗಳ ಮೊದಲಕ್ಷರಗಳನ್ನು ಕೂಡಿಸಿ ಅದಕ್ಕೆ ಸಿಗ್ಮಾ ಥೀಟಾ ಟೌ ಎಂದು ಹೆಸರಿಟ್ಟರು. ವಿದ್ಯೆಯಲ್ಲಿಯೂ ಮುಂದಾಳುತನದಲ್ಲಿಯೂ ಶ್ರೇಷ್ಠತೆಯನ್ನು ತೋರಿದವರನ್ನು ಆರಿಸಿ ಗೌರವಿಸುವುದು ಅದರ ಕ್ರಮ. ಆರಿಸಲ್ಪಟ್ಟವಳು ಪದಕವನ್ನು ಪೆಟ್ಟಿಗೆಯಲ್ಲಿಟ್ಟು ಸುಮ್ಮನಿರುವಂತಿಲ್ಲ. ಕಿರಿಯರಿಗೆ ದಾರಿ ತೋರಬೇಕು, ಹೊಸ ಸಂಶೋಧನೆಗಳನ್ನು ಪ್ರೋತ್ಸಾಹಿಸಬೇಕು. ಆ ಆರು ಹುಡುಗಿಯರ ಸಂಘವು ಇಂದು ಅನೇಕ ದೇಶಗಳಲ್ಲಿ ಶಾಖೆಗಳನ್ನು ಹೊಂದಿದೆ. ನೈಟಿಂಗೇಲಳ ಪತ್ರಗಳಿಂದ ಹೆಸರಿಲ್ಲದೆ ಕೂಡಿದ್ದ ಬಳಗವೇ ಇಲ್ಲಿ ಹೆಸರನ್ನೂ ನಿಯಮಗಳನ್ನೂ ಪಡೆದು ಬೆಳೆಯಿತೆಂದು ನಮಗೆ ತೋರುತ್ತದೆ.

ಆಕೆಯ ಕೊನೆಯ ವರ್ಷಗಳಲ್ಲಿ ಕಣ್ಣು ಮಂದವಾಯಿತು; ನೆನಪೂ ಕುಂದಿತು. 1907ರಲ್ಲಿ ಇಂಗ್ಲೆಂಡಿನ ಅರಸರು ಆರ್ಡರ್ ಆಫ್ ಮೆರಿಟ್ ಎಂಬ ಬಿರುದನ್ನು ಕೊಟ್ಟರು. ಅದನ್ನು ಪಡೆದ ಮೊದಲನೆಯ ಸ್ತ್ರೀಯು ಆಕೆ. 1910ರ ಆಗಸ್ಟ್ 13ರಂದು ಲಂಡನ್ನಿನಲ್ಲಿ ನಿದ್ರೆಯಲ್ಲಿಯೇ ದೈವಾಧೀನಳಾದಳು. ರಾಜರನ್ನೂ ಮಹಾಪುರುಷರನ್ನೂ ಸಮಾಧಿ ಮಾಡುವ ವೆಸ್ಟ್‌ಮಿನ್ಸ್ಟರ್ ಆಬೆಯಲ್ಲಿ ಸ್ಥಳ ಕೊಡಲು ಸರಕಾರವು ಸಿದ್ಧವಾಗಿದ್ದರೂ, ಆಕೆಯ ಇಚ್ಛೆಯಂತೆ ಮನೆಯವರು ಈಸ್ಟ್ ವೆಲ್ಲೋ ಎಂಬ ಹಳ್ಳಿಯ ದೇವಾಲಯದ ಅಂಗಳದಲ್ಲಿ, ತಂದೆತಾಯಿಗಳ ಬಳಿಯಲ್ಲಿ ಹೂಳಿದರು. ಕಲ್ಲಿನ ಮೇಲೆ ಪೂರ್ಣ ಹೆಸರಿಲ್ಲ. ಎರಡು ಅಕ್ಷರಗಳೂ ಹುಟ್ಟಿದ ಮತ್ತು ಮರಣದ ದಿನಗಳೂ ಮಾತ್ರ ಇವೆ. ಆಕೆಯ ಜನ್ಮದಿನವಾದ ಮೇ 12ನ್ನು ಲೋಕವೆಲ್ಲ ಶುಶ್ರೂಷಕಿಯರ ದಿನವಾಗಿ ಆಚರಿಸುತ್ತದೆ.

ಈಗ ಕಿಣ್ಣಿ ಸುಲ್ತಾನದ ಆ ತಂದೆಯ ಪ್ರಶ್ನೆಗೆ ಮರಳುವೆವು. ಶುಶ್ರೂಷಕಿಯು ಅಪ್ಪಣೆಯನ್ನು ಪಾಲಿಸುವವಳೆಂಬುದು ನಿಜ. ರೋಗಿಯ ಪ್ರಾಣವು ಕೈಯಲ್ಲಿರುವಾಗ ಅಪ್ಪಣೆಯನ್ನು ಸರಿಯಾಗಿ ಪಾಲಿಸುವುದು ಕೀಳುತನವಲ್ಲ. ಆದರೆ ಅಪ್ಪಣೆಯ ಆಚೆಗೂ ಆಕೆಗೆ ಒಂದು ದಾರಿಯುಂಟು. ವಾರ್ಡಿನ ಸಿಸ್ಟರ್, ಮೇಟ್ರನ್, ಶುಶ್ರೂಷಾ ಶಾಲೆಯ ಅಧ್ಯಾಪಕಿ, ಪ್ರಿನ್ಸಿಪಾಲ್, ಪರಿಷತ್ತಿನ ಸದಸ್ಯೆ ಇವೆಲ್ಲವೂ ಶುಶ್ರೂಷಕಿಯೇ ಏರಬಹುದಾದ ಸ್ಥಾನಗಳು. ಆ ದಾರಿಯಲ್ಲಿ ಒಬ್ಬಳೇ ನಡೆಯುವುದು ಬಹಳ ಕಷ್ಟ. ಆಳಂದ, ಅಫಜಲಪುರ, ಜೇವರ್ಗಿ ಈ ತಾಲೂಕುಗಳ ತೊಗರಿಯ ಹೊಲಗಳ ನಡುವೆ ಬೆಳೆದು ದೊಡ್ಡ ಪಟ್ಟಣದ ಆಸ್ಪತ್ರೆಗೆ ಹೋದ ಹುಡುಗಿಗೆ ಮೊದಮೊದಲು ಭಾಷೆಯೂ ಹೊಸದು, ಜನರೂ ಹೊಸಬರು. ರಾತ್ರಿಯ ಪಾಳಿಯಲ್ಲಿ ಅಳುವೂ ಬಂದೀತು. ಆಗ ತನ್ನ ತಪ್ಪನ್ನು ತಿದ್ದುವ, ತನ್ನ ಒಳ್ಳೆಯ ಕೆಲಸವನ್ನು ಗುರುತಿಸುವ, ಸಭೆಯಲ್ಲಿ ಎದ್ದು ನಿಂತು ಮಾತನಾಡೆಂದು ಬೆನ್ನು ತಟ್ಟುವ ಒಂದು ಬಳಗವಿದ್ದರೆ ಅದೇ ಹುಡುಗಿಯು ಹತ್ತು ವರ್ಷಗಳಲ್ಲಿ ಇತರರನ್ನು ನಡೆಸುವವಳಾಗುತ್ತಾಳೆ.

ಆದುದರಿಂದ ಈ ವೃತ್ತಿಗೆ ಹೋಗಬಯಸುವ ನಮ್ಮ ವಿದ್ಯಾರ್ಥಿನಿಯರಿಗೆ ಮೂರು ಮಾತುಗಳನ್ನು ಹೇಳುತ್ತೇವೆ. ಕಲಿಯುವ ಕಾಲದಲ್ಲಿಯೇ ವಿದ್ಯಾರ್ಥಿ ಶುಶ್ರೂಷಕಿಯರ ಸಂಘವನ್ನು ಸೇರಿರಿ. ಅಲ್ಲಿ ಕಾರ್ಯದರ್ಶಿಯಾಗಿ ಲೆಕ್ಕ ಬರೆಯುವುದಾಗಲಿ, ಭಾಷಣ ಮಾಡುವುದಾಗಲಿ, ದೊರೆತ ಯಾವ ಹೊಣೆಯನ್ನೂ ಬೇಡವೆನ್ನಬೇಡಿರಿ. ನಿಮ್ಮ ಕೆಲಸದ ಫಲವನ್ನು, ನೈಟಿಂಗೇಲಳು ಮಾಡಿದಂತೆ, ಅಂಕಿಗಳಲ್ಲಿ ಬರೆದಿಟ್ಟು ನೀವೇ ಪರೀಕ್ಷಿಸಿಕೊಳ್ಳಿರಿ. ಮೂರನೆಯದಾಗಿ, ನಿಮ್ಮ ಹಿಂದೆ ಬರುವ ಹುಡುಗಿಗೆ ಪತ್ರ ಬರೆಯಿರಿ. ಇಂದಿನ ಕಾಲದಲ್ಲಿ ಫೋನಿನಲ್ಲಿ ಮಾತನಾಡಿದರೂ ಸರಿಯೇ. ಹಿರಿಯಳ ಒಂದು ಮಾತು ಕಿರಿಯಳನ್ನು ಊರಿಗೆ ಹಿಂದಿರುಗದಂತೆ ತಡೆದ ನಿದರ್ಶನಗಳನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಆ ಹಿರಿಯರ ಮಗಳು ಈಗ ಶುಶ್ರೂಷಾ ಶಾಲೆಯ ಮೊದಲನೆಯ ವರ್ಷದಲ್ಲಿದ್ದಾಳೆ. ದಸರೆಯ ರಜೆಯಲ್ಲಿ ಬಂದಾಗ ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಗಾಯಕ್ಕೆ ಪಟ್ಟಿ ಕಟ್ಟುವ ರೀತಿಯನ್ನು ತೋರಿಸಿಕೊಟ್ಟಳು. ತಂದೆಯು ಬಾಗಿಲ ಬಳಿ ನಿಂತು ನೋಡುತ್ತಿದ್ದರು. ಅವರು ನಮ್ಮನ್ನು ಮತ್ತೆ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.